ಸಪ್ತಾಪುರದ ನಾಲ್ಕನೆಯ ಕೋಣೆ ಮತ್ತು ಒಂದು ಟಾಂಗ್ ಟೆಸ್ಟರ್: ಎಂಟು ತಿಂಗಳ ಬಳಕೆಯ ಅನುಭವ

ಧಾರವಾಡದ ಸಪ್ತಾಪುರದಲ್ಲಿರುವ ನಮ್ಮ ಮನೆಯ ಮೇಲ್ಮಹಡಿಯ ಆರು ಕೋಣೆಗಳಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುವ ಹುಡುಗರು ಬಾಡಿಗೆಗೆ ಇದ್ದಾರೆ. ಆರೂ ಕೋಣೆಗಳಿಗೆ ಹೆಸ್ಕಾಂ ಮೀಟರ್ ಒಂದೇ ಆಗಿರುವುದರಿಂದ ತಿಂಗಳ ಬಿಲ್ಲನ್ನು ಆರು ಪಾಲು ಮಾಡುವುದು ನಮ್ಮಲ್ಲಿ ರೂಢಿ. ಆದರೆ ಬೆಳಗಿನ ಸ್ನಾನಕ್ಕೆ ಬಕೆಟ್ಟಿನಲ್ಲಿ ನೀರು ಕಾಯಿಸುವ ಕರೆಂಟಿನ ಕಾಯಿಲ್ ಇಡುವವರು ಮೂವರೇ ಆದ್ದರಿಂದ, ತಣ್ಣೀರಿನಲ್ಲೇ ಮುಗಿಸುವ ಉಳಿದ ಮೂವರು ಈ ಸಮಪಾಲನ್ನು ಮನಸಾರೆ ಒಪ್ಪಿದ್ದಿಲ್ಲ. ಇದು ಸಾಲದೆಂಬಂತೆ ನಾಲ್ಕನೆಯ ಕೋಣೆಯ ಹುಡುಗನದು ಬೇರೆಯೇ ತಕರಾರು. ಕಾಯಿಲ್ ಹೊಸದಾಗಿದ್ದರೂ ತನ್ನ ಕೋಣೆಯಲ್ಲಿ ಒಂದು ಬಕೆಟ್ ನೀರು ಕಾಯಲು ಪಕ್ಕದ ಕೋಣೆಗಿಂತ ಎರಡು ಮೂರು ನಿಮಿಷ ಹೆಚ್ಚು ಹಿಡಿಯುತ್ತದೆ, ಹಾಗಾಗಿ ಬಿಲ್ಲಿನಲ್ಲಿ ತನ್ನ ಪಾಲು ವ್ಯರ್ಥವಾಗುತ್ತಿದೆ ಎಂದು ಅವನು ಹೇಳುತ್ತಿದ್ದ. ಎರಡನ್ನೂ ಮಾತಿನಲ್ಲಿ ಬಗೆಹರಿಸುವ ಬದಲು ಅಳೆದೇ ನೋಡೋಣವೆಂದು ನಾನು ಒಂದು ಕ್ಲ್ಯಾಂಪ್ ಮೀಟರ್, ಅಂದರೆ ತಂತಿಯನ್ನು ದವಡೆಯಲ್ಲಿ ಹಿಡಿದು ಅದರೊಳಗಿನ ಕರೆಂಟ್ ಅಳೆಯುವ ಉಪಕರಣ, ಕೊಂಡೆ. ನಮ್ಮ ಕಡೆಯ ಎಲೆಕ್ಟ್ರಿಷಿಯನ್‌ಗಳ ಬಾಯಲ್ಲಿ ಇದರ ಹೆಸರು ಟಾಂಗ್ ಟೆಸ್ಟರ್.

ಕೊಂಡದ್ದು ಹುಬ್ಬಳ್ಳಿಯಲ್ಲಿ, ಕೊಪ್ಪಿಕರ್ ರಸ್ತೆಯ ಹಿಂದಿನ ಒಂದು ಓಣಿಯ ಎಲೆಕ್ಟ್ರಿಕಲ್ ಅಂಗಡಿಯಲ್ಲಿ. ಬೆಲೆ 1,150 ರೂಪಾಯಿ, ಜಿಎಸ್‌ಟಿ ಬಿಲ್ ಸಹಿತ. ಕಂಪನಿಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಇದೇ ಅಚ್ಚಿನ, ಇದೇ ಗುಂಡಿಗಳ ಮೀಟರ್ ಬೇರೆ ಬೇರೆ ಹೆಸರಿನಲ್ಲಿ ಅದೇ ಗಾಜಿನ ಕಪಾಟಿನಲ್ಲಿ ಸಾಲಾಗಿ ಕುಳಿತಿದ್ದನ್ನು ಕಂಡಿದ್ದರಿಂದ, ಈ ವಿಮರ್ಶೆ ಒಂದು ಹೆಸರಿಗಿಂತ ಆ ದರ್ಜೆಯ ಮೀಟರಿಗೆ ಸಲ್ಲುತ್ತದೆ ಎಂದುಕೊಳ್ಳಬಹುದು. ಅಂಗಡಿಯವರ ಬಗ್ಗೆ ಒಳ್ಳೆಯ ಮಾತನ್ನೇ ಹೇಳಬೇಕು. ಪೆಟ್ಟಿಗೆ ಒಡೆದು, ಬ್ಯಾಟರಿ ಹಾಕಿ, ಕೌಂಟರಿನ ಮೇಲಿನ ಪ್ಲಗ್ಗಿನಲ್ಲೇ ವೋಲ್ಟೇಜ್ ತೋರಿಸಿ ಕೊಟ್ಟರು, ಅವಸರ ಮಾಡಲಿಲ್ಲ. ಆದರೆ “ವ್ಯಾಟೂ ಗೊತ್ತಾಕ್ಕೈತ್ರಿ ಸರ, ಗುಣಿಸಿದ್ರ ಮುಗೀತು” ಎಂದು ಅವರು ಹೇಳಿದ ಮಾತು ಅರ್ಧದಷ್ಟೇ ನಿಜವೆಂಬುದು ಮನೆಗೆ ಬಂದ ಮೇಲೆ ತಿಳಿಯಿತು.

ಪೆಟ್ಟಿಗೆಯೊಳಗೆ ಮೀಟರ್, ಕೆಂಪು ಮತ್ತು ಕಪ್ಪು ಪ್ರೋಬ್‌ಗಳು, ಒಂದು ಬಟ್ಟೆಯ ಚೀಲ, ಅಂಗೈ ಅಗಲದ ಕೈಪಿಡಿ ಇವೆ. ಕೈಪಿಡಿಯ ಹಿಂಬದಿಯಲ್ಲಿ ದುಂಡನೆಯ ಒಂದು ಚಿತ್ರ. ವೋಲ್ಟನ್ನು ಆಂಪಿಯರಿನಿಂದ ಭಾಗಿಸಿದರೆ ರೋಧ, ಅಂದರೆ ಓಮ್; ವೋಲ್ಟನ್ನು ಆಂಪಿಯರಿನಿಂದ ಗುಣಿಸಿದರೆ ಸಾಮರ್ಥ್ಯ, ಅಂದರೆ ವ್ಯಾಟ್. ಹತ್ತನೆಯ ತರಗತಿಯಲ್ಲಿ ಎಲ್ಲರೂ ಕಲಿತಿರುವ ಈ ಎರಡು ಸೂತ್ರಗಳನ್ನು ಬಿಟ್ಟು ಅಲ್ಲಿ ಬೇರೇನೂ ಇಲ್ಲ. ಯಾವ ಉಪಕರಣಕ್ಕೆ ಈ ಲೆಕ್ಕ ನಿಲ್ಲುತ್ತದೆ, ಯಾವುದಕ್ಕೆ ನಿಲ್ಲುವುದಿಲ್ಲ ಎಂಬುದರ ಬಗ್ಗೆ ಒಂದು ಸಾಲೂ ಇಲ್ಲ. ಮೀಟರಿನ ದೊಡ್ಡ ಕೊರತೆ ನನ್ನ ಲೆಕ್ಕದಲ್ಲಿ ಇದೇ, ಮತ್ತು ಇದು ಮೀಟರಿನೊಳಗಿನ ಕೊರತೆಯೇ ಅಲ್ಲ.

ಮೊದಲ ದಿನ ನಾನು ಕಾಯಿಲಿನ ದಪ್ಪ ವಾಯರನ್ನೇ ಮೀಟರಿನ ದವಡೆಯೊಳಗೆ ಹಿಡಿದು, ಪರದೆಯ ಮೇಲೆ 0.00 ಕಂಡು, ಕೆಟ್ಟ ಮಾಲು ಬಂತೆಂದು ಬೇಸರಪಟ್ಟುಕೊಂಡಿದ್ದೆ. ಎರಡನೆಯ ಕೋಣೆಯಲ್ಲಿ ಎಲೆಕ್ಟ್ರಿಕಲ್ ಡಿಪ್ಲೊಮಾ ಮುಗಿಸಿದ, ಗದಗ ಕಡೆಯ ಹುಡುಗನೊಬ್ಬ ಇದ್ದಾನೆ. ಅವನು ನೋಡಿ ನಕ್ಕು, “ಸರ, ಹೋಗೂದು ಬರೂದು ಎರಡೂ ವಾಯರ್ ಕೂಡಿ ಹಿಡದ್ರ ಸೊನ್ನೀನ ಬರತೈತ್ರಿ, ಒಂದ ಹಿಡೀರಿ” ಎಂದ. ತಂತಿಯ ಸುತ್ತಲಿನ ಕಾಂತಕ್ಷೇತ್ರವನ್ನು ಅಳೆದೇ ಈ ಮೀಟರ್ ಕರೆಂಟ್ ಹೇಳುವುದು. ಫೇಸಿನಲ್ಲಿ ಹೋದದ್ದು ನ್ಯೂಟ್ರಲ್ಲಿನಲ್ಲಿ ಹಿಂತಿರುಗುವಾಗ ಒಂದರ ಕ್ಷೇತ್ರ ಇನ್ನೊಂದನ್ನು ಅಳಿಸಿಹಾಕುತ್ತದೆ. ಅವನೇ ಪರಿಚಯದ ಎಲೆಕ್ಟ್ರಿಷಿಯನ್ನನ ಕೈಯಲ್ಲಿ ಒಂದು ಮೊಳದ ಎಕ್ಸ್‌ಟೆನ್ಷನ್ ಬೋರ್ಡ್ ಮಾಡಿಸಿಕೊಟ್ಟ: 16 ಆಂಪಿಯರಿನ ಪ್ಲಗ್, 16 ಆಂಪಿಯರಿನ ಸಾಕೆಟ್, ನಡುವೆ 2.5 ಚದರ ಮಿಲಿಮೀಟರಿನ ಮೂರು ಒಂಟಿ ತಂತಿಗಳು, ಅವುಗಳಲ್ಲಿ ಕೆಂಪು ತಂತಿ ಮಾತ್ರ ಕಮಾನಿನಂತೆ ಹೊರಗೆ ಬಾಗಿರುವುದು. 350 ರೂಪಾಯಿ ಆಯಿತು. ಟಾಂಗ್ ಟೆಸ್ಟರ್ ಕೊಳ್ಳುವವರು ಈ ಬೋರ್ಡಿನ ಬೆಲೆಯನ್ನೂ ಸೇರಿಸಿಯೇ ಲೆಕ್ಕ ಹಾಕಬೇಕು. ಇದಿಲ್ಲದಿದ್ದರೆ ಮನೆಯ ಯಾವ ಉಪಕರಣದ ಕರೆಂಟನ್ನೂ ಅಳೆಯಲಾಗದು, ವಾಯರಿನ ಹೊದಿಕೆ ಸೀಳುವ ಸಾಹಸವನ್ನಂತೂ ಯಾರೂ ಮಾಡಬಾರದು.

ಈಗ ಅಳತೆಗೆ ಬರೋಣ. ನೆಲಮಹಡಿಯ ನಮ್ಮ ಮನೆಗೆ ಬೇರೆಯೇ ಹೆಸ್ಕಾಂ ಮೀಟರ್ ಇರುವುದರಿಂದ ಮೊದಲ ಪರೀಕ್ಷೆಯನ್ನು ಅಲ್ಲೇ, ಮೇನ್ ಬೋರ್ಡಿನ ಹತ್ತಿರದ ಸಾಕೆಟ್ಟಿನಲ್ಲಿ ಮಾಡಿದೆ. ಮೇಲೆ 1500 ವ್ಯಾಟ್ ಎಂದು ಬರೆದಿರುವ ಕಾಯಿಲನ್ನು ನೀರಿನಲ್ಲಿ ಮುಳುಗಿಸಿ ಸ್ವಿಚ್ ಹಾಕಿದಾಗ ವೋಲ್ಟೇಜ್ 226, ಕರೆಂಟ್ 6.31 ಆಂಪಿಯರ್ ಬಂತು. ಭಾಗಿಸಿದರೆ 35.8 ಓಮ್, ಗುಣಿಸಿದರೆ 1426 ವ್ಯಾಟ್. ಮೇಲೆ ಬರೆದ 1500 ಎಂಬುದು 230 ವೋಲ್ಟಿಗೆ ಹೇಳಿದ ಮಾತು. 230ರ ವರ್ಗವನ್ನು 1500ರಿಂದ ಭಾಗಿಸಿದರೆ 35.3 ಓಮ್ ಬರುತ್ತದೆ. ಕಾಯಿಲನ್ನು ಪ್ಲಗ್ಗಿನಿಂದ ಕಿತ್ತು, ಆರಿದ ಮೇಲೆ ಮೀಟರಿನ ಓಮ್ ಸ್ಥಾನದಲ್ಲಿ ನೇರವಾಗಿ ಅಳೆದಾಗ 35.6 ತೋರಿಸಿತು, ಪ್ರೋಬ್‌ಗಳ ತುದಿಗಳನ್ನು ಒಂದಕ್ಕೊಂದು ತಾಗಿಸಿದಾಗ ಬರುವ 0.4 ಓಮ್ ಪ್ರೋಬ್‌ಗಳದ್ದೇ ಆದ್ದರಿಂದ ಅದನ್ನು ಕಳೆದರೆ 35.2. ಒಟ್ಟಿನಲ್ಲಿ ಕಾಯಿಲಿನ ಮಟ್ಟಿಗೆ ಬರೆದದ್ದು, ಅಳೆದದ್ದು, ಭಾಗಿಸಿ ತೆಗೆದದ್ದು ಮೂರೂ ಒಂದೇ ದಾರಿಗೆ ಬಂದವು. ಕಾಯಿಲಿನೊಳಗಿನ ನೈಕ್ರೋಮ್ ತಂತಿಯ ರೋಧ ಬಿಸಿಯಾದರೂ ಹೆಚ್ಚು ಬದಲಾಗದಿರುವುದೇ ಇದಕ್ಕೆ ಕಾರಣ.

ಇಲ್ಲಿ ಒಂದು ಎಚ್ಚರಿಕೆ ಇದೆ. ಕೈಪಿಡಿಯ ಪ್ರಕಾರ ವೋಲ್ಟೇಜಿನಲ್ಲಿ ಶೇಕಡಾ 0.8 ಮತ್ತು ಕೊನೆಯ ಅಂಕಿಯಲ್ಲಿ ಐದು (0.5 ವೋಲ್ಟ್), ಕರೆಂಟಿನಲ್ಲಿ ಶೇಕಡಾ 2.5 ಮತ್ತು ಕೊನೆಯ ಅಂಕಿಯಲ್ಲಿ ಐದು (0.05 ಆಂಪಿಯರ್) ಹೆಚ್ಚು ಕಡಿಮೆ ಆಗಬಹುದು. 6.31 ಆಂಪಿಯರಿನಲ್ಲಿ ಇದು 0.21 ಆಂಪಿಯರಿನಷ್ಟು, ಅಂದರೆ ಶೇಕಡಾ 3ಕ್ಕೂ ಹೆಚ್ಚು; ವೋಲ್ಟೇಜಿನದು ಸುಮಾರು ಶೇಕಡಾ 1. ಗುಣಿಸುವಾಗಲೂ ಭಾಗಿಸುವಾಗಲೂ ಈ ಎರಡು ದೋಷಗಳು ಕೂಡಿಕೊಳ್ಳುವುದರಿಂದ 1426 ಎಂಬ ಉತ್ತರ 1365ರಿಂದ 1487ರ ನಡುವೆ ಎಲ್ಲಿಯಾದರೂ ಇರಬಹುದು. ಮೊಬೈಲಿನ ಕ್ಯಾಲ್ಕ್ಯುಲೇಟರ್ 1426.06 ಎಂದು ತೋರಿಸಿದಾಗ ಆ ಬಿಂದುವಿನಾಚೆಯ ಅಂಕಿಗಳನ್ನು ನಂಬುವುದು ತಕ್ಕಡಿಯಲ್ಲಿ ಜೋಳ ತೂಗಿ ಕಾಳು ಎಣಿಸಿದಂತೆ.

ಹಾಗಾದರೆ ನಿಜವೆಷ್ಟು ಎಂದು ನೋಡಲು ಇನ್ನೊಂದು ದಾರಿ ಮನೆಯಲ್ಲೇ ಇದೆ, ಅದಕ್ಕೆ ದುಡ್ಡೂ ಬೇಡ. ಹೆಸ್ಕಾಂ ಮೀಟರಿನ ಮುಖದ ಮೇಲೆ ಮಿಣುಕುವ ಸಣ್ಣ ಕೆಂಪು ದೀಪದ ಪಕ್ಕದಲ್ಲಿ ಒಂದು ಯೂನಿಟ್ಟಿಗೆ ಎಷ್ಟು ಮಿಣುಕು ಎಂದು ಬರೆದಿರುತ್ತದೆ; ನಮ್ಮ ಮೀಟರಿನಲ್ಲಿ ಅದು 3200. ಮನೆಯ ಉಳಿದೆಲ್ಲವನ್ನೂ, ವೈಫೈ ಪೆಟ್ಟಿಗೆಯನ್ನೂ ಬಿಡದೆ, ಆರಿಸಿ ಕಾಯಿಲೊಂದನ್ನೇ ಹಚ್ಚಿ, ಮೊಬೈಲಿನ ಗಡಿಯಾರ ಹಿಡಿದು ಎಣಿಸಿದಾಗ ಒಂದು ನಿಮಿಷಕ್ಕೆ 76 ಮಿಣುಕುಗಳು ಬಂದವು. ಗಂಟೆಗೆ 4560, ಅದನ್ನು 3200ರಿಂದ ಭಾಗಿಸಿದರೆ 1.425 ಕಿಲೋವ್ಯಾಟ್. ಟಾಂಗ್ ಟೆಸ್ಟರ್ ತಾನು ಹೇಳಿಕೊಂಡದ್ದಕ್ಕಿಂತ ಚೆನ್ನಾಗಿಯೇ ಅಳೆದಿದೆ ಎಂದು ಇದರಿಂದ ನನಗೆ ಸಮಾಧಾನವಾಯಿತು. ಗಡಿಯಾರದಲ್ಲಿ ಹದಿನಾರು ನಿಮಿಷಕ್ಕೆ ಒಂದು ಬಕೆಟ್ ಕಾಯುತ್ತಿದ್ದುದರಿಂದ ದಿನಕ್ಕೆ 0.38 ಯೂನಿಟ್, ತಿಂಗಳಿಗೆ ಹನ್ನೊಂದೂವರೆ ಯೂನಿಟ್ಟಿನ ಹತ್ತಿರ. ಕಾಯಿಲ್ ಬಳಸುವ ಮೂವರ ಮೇಲೆ ಅಷ್ಟಷ್ಟು ಯೂನಿಟ್ ಹಾಕಿ, ಉಳಿದದ್ದನ್ನು ಆರು ಪಾಲು ಮಾಡುವುದೆಂದು ತೀರ್ಮಾನವಾಯಿತು. ತಣ್ಣೀರಿನವರು ಆ ಹನ್ನೊಂದೂವರೆ ಯೂನಿಟ್ ಕೇಳಿ ಇಷ್ಟೇ ಏನು ಎಂದು ಸ್ವಲ್ಪ ನಿರಾಶರಾದರು ಅನಿಸುತ್ತದೆ.

ಮೀಟರಿನ ಒಂದು ಅನನುಕೂಲ ಈ ಕೆಲಸದಲ್ಲೇ ಗೊತ್ತಾಗುತ್ತದೆ. ವೋಲ್ಟೇಜನ್ನೂ ಕರೆಂಟನ್ನೂ ಇದು ಏಕಕಾಲಕ್ಕೆ ತೋರಿಸುವುದಿಲ್ಲ. ಒಂದನ್ನು ನೋಡಿ, ಚಕ್ರ ತಿರುವಿ, ಇನ್ನೊಂದನ್ನು ನೋಡಬೇಕು. ಅಷ್ಟರಲ್ಲಿ ಓಣಿಯಲ್ಲಿ ಯಾರದೋ ಬೋರ್‌ವೆಲ್ ಮೋಟರ್ ಚಾಲೂ ಆದರೆ ವೋಲ್ಟೇಜ್ ನಾಲ್ಕೈದು ಇಳಿದು, ಬೇರೆ ಬೇರೆ ಹೊತ್ತಿನ ಎರಡು ಅಂಕಿಗಳನ್ನು ನಾವು ಭಾಗಿಸುತ್ತಾ ಕೂಡುತ್ತೇವೆ. 1827ರಲ್ಲಿ ತನ್ನ ಹೆಸರಿನ ನಿಯಮವನ್ನು ಪುಸ್ತಕವಾಗಿ ಪ್ರಕಟಿಸಿದ ಗಿಯೋರ್ಗ್ ಓಮ್, ಕಲೋನಿನಲ್ಲಿ ಶಾಲಾ ಶಿಕ್ಷಕನಾಗಿದ್ದಾಗ ಇದೇ ಕಾಟ ಅನುಭವಿಸಿದ್ದ. ಅಂದಿನ ಬ್ಯಾಟರಿಗಳ ಬಲ ಪ್ರಯೋಗದ ನಡುವೆಯೇ ಕುಗ್ಗುತ್ತಿತ್ತು; ಕೊನೆಗೆ ಅವನು ಬ್ಯಾಟರಿಯನ್ನು ಬದಿಗಿಟ್ಟು, ತಾಮ್ರ ಮತ್ತು ಬಿಸ್ಮತ್ ಲೋಹಗಳ ಜೋಡಣೆಯ ಒಂದು ತುದಿಯನ್ನು ಕುದಿಯುವ ನೀರಿನಲ್ಲೂ ಇನ್ನೊಂದನ್ನು ಮಂಜುಗಡ್ಡೆಯಲ್ಲೂ ಇಟ್ಟು ಸ್ಥಿರವಾದ ವೋಲ್ಟೇಜ್ ಪಡೆದ. ನಮಗೆ ಅಷ್ಟು ಬೇಡ. ವೋಲ್ಟೇಜ್, ಕರೆಂಟ್, ಮತ್ತೆ ವೋಲ್ಟೇಜ್ ಎಂಬ ಕ್ರಮದಲ್ಲಿ ಮೂರು ಸಲ ಓದಿ, ಎರಡು ವೋಲ್ಟೇಜುಗಳ ಸರಾಸರಿ ಹಿಡಿದರೆ ಸಾಕು. ಎರಡರ ನಡುವೆ ಮೂರು ವೋಲ್ಟಿಗಿಂತ ಹೆಚ್ಚು ಅಂತರವಿದ್ದರೆ ಆ ಓದನ್ನು ಬಿಟ್ಟು ಮತ್ತೆ ತೆಗೆದುಕೊಳ್ಳುತ್ತೇನೆ.

ವೋಲ್ಟೇಜ್ ಇಳಿದರೆ ಏನಾಗುತ್ತದೆ ಎಂಬುದನ್ನು ನವಲಗುಂದದ ಕಡೆ ಇರುವ ನಮ್ಮ ಹಳ್ಳಿಯ ಮನೆಯಲ್ಲಿ ನೋಡಿದೆ. ಅದು ಲೈನಿನ ಕೊನೆಯ ಮನೆ. ಸಂಜೆ ಅಲ್ಲಿ 198 ವೋಲ್ಟ್. ಇದೇ ಕಾಯಿಲ್ ಅಲ್ಲಿ 5.53 ಆಂಪಿಯರ್ ಎಳೆದು 1095 ವ್ಯಾಟ್ ಕೊಟ್ಟಿತು. ರೋಧ ಬದಲಾಗಿಲ್ಲ, ಅದೇ 35.8. ಆದರೆ ವೋಲ್ಟೇಜ್ ಇಳಿದರೆ ಕರೆಂಟೂ ಅಷ್ಟೇ ಪ್ರಮಾಣದಲ್ಲಿ ಇಳಿಯುವುದರಿಂದ ಎರಡರ ಗುಣಲಬ್ಧ ಎರಡು ಪಟ್ಟು ಬೇಗ ಕುಸಿಯುತ್ತದೆ: ವೋಲ್ಟೇಜ್ ಕಡಿಮೆಯಾದದ್ದು ಶೇಕಡಾ 12, ವ್ಯಾಟ್ ಕಡಿಮೆಯಾದದ್ದು ಶೇಕಡಾ 23. ಹದಿನೈದು ಲೀಟರ್ ನೀರನ್ನು ಇಪ್ಪತ್ತು ಡಿಗ್ರಿ ಏರಿಸಲು ಬೇಕಾದ ಶಾಖ ಎಲ್ಲಿ ಕಾಯಿಸಿದರೂ ಸುಮಾರು 0.35 ಯೂನಿಟ್. ಪೂರ್ಣ ವೋಲ್ಟೇಜಿನಲ್ಲಿ ಅದಕ್ಕೆ ಲೆಕ್ಕದ ಪ್ರಕಾರ ಹದಿನೈದು ನಿಮಿಷ ಸಾಕಾದರೆ ಅಲ್ಲಿ ಹತ್ತೊಂಬತ್ತು ನಿಮಿಷ ಬೇಕು, ಅಷ್ಟೆ. ನಿಧಾನವಾಗಿ ಕಾದರೆ ಬಿಲ್ ಹೆಚ್ಚುತ್ತದೆ ಎಂಬ ಮಾತು ಊರಲ್ಲೂ ಪೇಟೆಯಲ್ಲೂ ಕೇಳಿಬರುತ್ತದೆ. ಹೊತ್ತು ಹೆಚ್ಚಾದಂತೆ ಬಕೆಟ್ಟಿನಿಂದ ಗಾಳಿಗೆ ಹೋಗುವ ಅಲ್ಪ ಶಾಖವನ್ನು ಬಿಟ್ಟರೆ ಅದರಲ್ಲಿ ಹುರುಳಿಲ್ಲ.

ಆದರೆ ನಾಲ್ಕನೆಯ ಕೋಣೆಯ ಹುಡುಗನ ತಕರಾರಿನಲ್ಲಿ ಹುರುಳಿತ್ತು. ಈ ಮೀಟರಿಗೆ ಕೊಟ್ಟ ದುಡ್ಡು ನನ್ನ ಮಟ್ಟಿಗೆ ಸಾರ್ಥಕವಾದದ್ದು ಆ ಕೋಣೆಯಲ್ಲಿ.

ಅಲ್ಲಿಯ ಸಾಕೆಟ್ಟಿನಲ್ಲಿ ಏನೂ ಹಚ್ಚದಿರುವಾಗ 228 ವೋಲ್ಟ್ ಇತ್ತು, ಕೆಳಗಿನ ಮೇನ್ ಬೋರ್ಡಿನಲ್ಲಿರುವಷ್ಟೇ. ಇದನ್ನು ನೋಡಿ ಹೋಗಿದ್ದರೆ ಎಲ್ಲ ಸರಿ ಇದೆ ಎಂದೇ ಹೇಳಿಬಿಡುತ್ತಿದ್ದೆ. ನಾನು ಮಾಡಿಸಿದ ಬೋರ್ಡಿಗೆ ಕಾಯಿಲ್ ಸಿಕ್ಕಿಸಿ ಸ್ವಿಚ್ ಹಾಕಿದ ಕೂಡಲೇ ವೋಲ್ಟೇಜ್ 211ಕ್ಕೆ ಇಳಿಯಿತು, ಕರೆಂಟ್ 5.89 ಆಂಪಿಯರ್. ಕಾಯಿಲಿಗೆ ತಲುಪಿದ್ದು 1243 ವ್ಯಾಟ್ ಮಾತ್ರ. ಕಳೆದುಹೋದ 17 ವೋಲ್ಟನ್ನು 5.89ರಿಂದ ಭಾಗಿಸಿದರೆ 2.89 ಓಮ್, ಆ ರೋಧ ಕಂಬದಿಂದ ಸಾಕೆಟ್ಟಿನವರೆಗಿನ ದಾರಿಯಲ್ಲೇ ಎಲ್ಲೋ ಇರಬೇಕು. 17ನ್ನು 5.89ರಿಂದ ಗುಣಿಸಿದರೆ 100 ವ್ಯಾಟ್. ಆ ಶಾಖದ ಬಹುಪಾಲು ನಮ್ಮ ಗೋಡೆಯೊಳಗೇ ಹುಟ್ಟುತ್ತಿತ್ತು. ಕೆಳಗೆ ಇದೇ ಕಾಯಿಲಿಗೆ ವೋಲ್ಟೇಜ್ ಇಳಿದದ್ದು 228ರಿಂದ 226ಕ್ಕೆ, ಅಂದರೆ 0.32 ಓಮ್ ಎಂಬುದನ್ನು ನೆನಪಿಸಿಕೊಂಡಾಗ ಮೈ ಜುಮ್ಮೆಂದಿತು.

ಮುಂದಿನ ಲೆಕ್ಕವನ್ನು ಡಿಪ್ಲೊಮಾ ಹುಡುಗನೇ ಹಾಕಿದ. ಕೋಣೆಗಳಿಗೆ ಎಳೆದಿರುವುದು 1.5 ಚದರ ಮಿಲಿಮೀಟರಿನ ತಾಮ್ರದ ತಂತಿ. ಅದರ ರೋಧ ಕಿಲೋಮೀಟರಿಗೆ ಸುಮಾರು 12 ಓಮ್. ಬೋರ್ಡಿನಿಂದ ಕೋಣೆಗೆ ಇಪ್ಪತ್ತು ಮೀಟರ್, ಹೋಗಿ ಬರುವುದು ನಲವತ್ತು, ಆದ್ದರಿಂದ 0.48 ಓಮ್. ಕೆಳಗಿನ 0.32 ಸೇರಿಸಿದರೆ 0.80 ಇರಬೇಕಾದ ಜಾಗದಲ್ಲಿ 2.89 ಇದೆ. ಹೆಚ್ಚುವರಿ ಎರಡು ಓಮ್ ತಂತಿಯಲ್ಲಿ ಹರಡಿಕೊಂಡಿರಲು ಸಾಧ್ಯವಿಲ್ಲ, ಯಾವುದೋ ಒಂದು ಕೂಡುವ ಜಾಗದಲ್ಲಿ ಇರಬೇಕು ಎಂದ ಅವನು ಸಾಕೆಟ್ಟಿನ ಮುಖದ ಮೇಲೆ ಅಂಗೈ ಇಟ್ಟು, ತಟ್ಟನೆ ತೆಗೆದ. ಮೇನ್ ಸ್ವಿಚ್ ಆರಿಸಿ, ಎಲೆಕ್ಟ್ರಿಷಿಯನ್ನನ್ನು ಕರೆಸಿ ಸಾಕೆಟ್ ಬಿಚ್ಚಿಸಿದಾಗ ಫೇಸಿನ ಕಡೆಯ ಸ್ಕ್ರೂ ಸಡಿಲವಾಗಿ, ತಂತಿಯ ಹೊದಿಕೆ ಒಂದು ಬೆರಳಿನಷ್ಟು ಉದ್ದ ಸುಟ್ಟು ಕಂದಾಗಿ, ಹಿತ್ತಾಳೆಯ ಪಟ್ಟಿ ಕಪ್ಪು ಹಿಡಿದಿತ್ತು. ಅಷ್ಟು ಚಿಕ್ಕ ಜಾಗದಲ್ಲಿ 72 ವ್ಯಾಟಿನಷ್ಟು ಶಾಖ ಹುಟ್ಟುತ್ತಿತ್ತೆಂದರೆ, ರೇಡಿಯೋ ರಿಪೇರಿಯವರು ಬಳಸುವ 25 ವ್ಯಾಟಿನ ಸೋಲ್ಡರಿಂಗ್ ಐರನ್ ಮೂರನ್ನು ಸ್ವಿಚ್ ಬೋರ್ಡಿನ ಪೆಟ್ಟಿಗೆಯೊಳಗೆ ಕಾಯಲು ಇಟ್ಟಂತೆ. ತಂತಿಯ ಸುಟ್ಟ ತುದಿ ಕತ್ತರಿಸಿ, ಹೊಸ ಸಾಕೆಟ್ ಹಾಕಿ, ಸ್ಕ್ರೂ ಬಿಗಿದ ಮೇಲೆ ಕಾಯಿಲ್ ಹಚ್ಚಿದರೆ 223 ವೋಲ್ಟ್, 6.23 ಆಂಪಿಯರ್, ಇಳಿತ 5 ವೋಲ್ಟ್, ರೋಧ 0.80. ಲೆಕ್ಕ ಹಾಕಿದ್ದಕ್ಕೆ ಇಷ್ಟು ಕರಾರುವಾಕ್ಕಾಗಿ ಹೊಂದಿಕೊಂಡದ್ದರಲ್ಲಿ ಅದೃಷ್ಟದ ಪಾಲೂ ಇದೆ ಎಂಬುದನ್ನು ಮುಚ್ಚಿಡುವುದಿಲ್ಲ. ಅರ್ಧ ವೋಲ್ಟ್ ಆಚೆ ಈಚೆ ಆಗಿದ್ದರೂ ಉತ್ತರ 0.72 ಅಥವಾ 0.88 ಆಗುತ್ತಿತ್ತು. ಆದರೆ 2.89ಕ್ಕೂ 0.80ಕ್ಕೂ ಇರುವ ಅಂತರದ ಮುಂದೆ ಆ ತಪ್ಪು ಲೆಕ್ಕಕ್ಕಿಲ್ಲ.

ಗಮನಿಸಬೇಕಾದದ್ದೆಂದರೆ ಈ ದೋಷವನ್ನು ಮೀಟರಿನ ಓಮ್ ಸ್ಥಾನ ಹಿಡಿದು ಕೊಡುತ್ತಿರಲಿಲ್ಲ. ಕರೆಂಟ್ ಇರುವ ತಂತಿಗೆ ಓಮ್ ಸ್ಥಾನದಲ್ಲಿ ಪ್ರೋಬ್ ತಾಗಿಸುವುದೇ ಅಪಾಯ. ಕರೆಂಟ್ ತೆಗೆದು ಅಳೆದರೆ, ಮೀಟರಿನ ಬ್ಯಾಟರಿಯ ಅತ್ಯಲ್ಪ ಕರೆಂಟಿಗೆ ತಣ್ಣಗಿರುವ ಸಡಿಲ ಸ್ಕ್ರೂ ಎಷ್ಟೋ ಸಲ ಒಳ್ಳೆಯ ಸ್ಕ್ರೂವಿನಂತೆಯೇ ಕಾಣುತ್ತದೆ. ಭಾರ ಹೊತ್ತಾಗಲೇ ಅದರ ಬಣ್ಣ ಬಯಲಾಗುವುದು. ಆದ್ದರಿಂದ ಮೀಟರ್ ತಾನೇ ತೋರಿಸುವ ಓಮ್‌ಗಿಂತ, ಕೆಲಸ ನಡೆಯುತ್ತಿರುವಾಗಿನ ವೋಲ್ಟೇಜ್ ಮತ್ತು ಕರೆಂಟಿನಿಂದ ನಾವು ಭಾಗಿಸಿ ತೆಗೆದ ಓಮ್ ಹೆಚ್ಚು ನಂಬಿಕೆಗೆ ಅರ್ಹವೆಂಬುದು ನನ್ನ ಅನುಭವ.

ಇದನ್ನೇ ಇನ್ನೂ ಸ್ಪಷ್ಟವಾಗಿ ತೋರಿಸಿದ್ದು ದೇವರ ಕೋಣೆಯ 60 ವ್ಯಾಟಿನ ಹಳೆಯ ಬಲ್ಬು. ಬಿಚ್ಚಿ ಕೈಯಲ್ಲಿ ಹಿಡಿದು ಓಮ್ ಸ್ಥಾನದಲ್ಲಿ ಅಳೆದರೆ 64 ಓಮ್. ಇದನ್ನು ನಂಬಿ 230ರ ವರ್ಗವನ್ನು 64ರಿಂದ ಭಾಗಿಸಿದರೆ 827 ವ್ಯಾಟ್ ಎಂಬ ಹಾಸ್ಯಾಸ್ಪದ ಉತ್ತರ ಬರುತ್ತದೆ. ಉರಿಯುವಾಗ ಅಳೆದರೆ 228 ವೋಲ್ಟಿಗೆ 0.26 ಆಂಪಿಯರ್, ಅಂದರೆ 59 ವ್ಯಾಟ್ ಮತ್ತು 877 ಓಮ್. ಎರಡು ಸಾವಿರ ಡಿಗ್ರಿ ಸೆಲ್ಸಿಯಸ್ಸಿಗೂ ಮೇಲೆ ಕಾಯುವ ಟಂಗ್‌ಸ್ಟನ್ ತಂತಿಯ ರೋಧ ತಣ್ಣಗಿದ್ದಾಗಿನದಕ್ಕಿಂತ ಹದಿಮೂರು ಹದಿನಾಲ್ಕು ಪಟ್ಟು ಏರುತ್ತದೆ. ಸ್ವಿಚ್ ಹಾಕಿದ ಕ್ಷಣದಲ್ಲಿ ಮಾತ್ರ ಆ 64 ಓಮ್ ನಿಜವಾಗಿದ್ದು, ಮೂರೂವರೆ ಆಂಪಿಯರಿನಷ್ಟು ಕರೆಂಟ್ ನುಗ್ಗುತ್ತದೆ. ಹಳೆಯ ಬಲ್ಬುಗಳು ಉರಿಯುತ್ತಿರುವಾಗಲ್ಲ, ಸ್ವಿಚ್ ಹಾಕುವಾಗಲೇ ಟಪ್ಪೆಂದು ಹೋಗುತ್ತಿದ್ದುದು ಇದಕ್ಕೇ. ಅಂದ ಹಾಗೆ 0.26ರಂಥ ಚಿಕ್ಕ ಕರೆಂಟಿಗೆ ಈ ಮೀಟರ್ ನೇರವಾಗಿ ಒಗ್ಗುವುದಿಲ್ಲ. ಕೊನೆಯ ಅಂಕಿಯ ಐದೇ ಅಲ್ಲಿ ಶೇಕಡಾ 20 ತಿಂದುಬಿಡುತ್ತದೆ. ಬಲ್ಬಿನ ಒಂಟಿ ತಂತಿಯನ್ನು ದವಡೆಯ ಸುತ್ತ ಹತ್ತು ಸುತ್ತು ಸುತ್ತಿದರೆ 2.60 ತೋರಿಸುತ್ತದೆ, ಅದನ್ನು ಹತ್ತರಿಂದ ಭಾಗಿಸಬೇಕು. ಕೈಪಿಡಿಯಲ್ಲಿ ಇಲ್ಲದ ಈ ಉಪಾಯ ಕೈಪಿಡಿಯ ಎಲ್ಲ ಪುಟಗಳಿಗಿಂತ ಹೆಚ್ಚು ಉಪಯೋಗಕ್ಕೆ ಬಂದಿದೆ.

ಗುಣಾಕಾರ ಕೈಕೊಡುವುದು ಮೋಟರ್ ಇರುವಲ್ಲಿ. ನಮ್ಮ ಫ್ರಿಜ್ಜಿನ ಕಂಪ್ರೆಸರ್ ನಡೆಯುವಾಗ 228 ವೋಲ್ಟ್, 1.00 ಆಂಪಿಯರ್, ಗುಣಿಸಿದರೆ 228. ಹೆಸ್ಕಾಂ ಮೀಟರಿನ ಮಿಣುಕು ಎಣಿಸಿದರೆ ಐದು ನಿಮಿಷಕ್ಕೆ 38, ಅಂದರೆ 142 ವ್ಯಾಟ್. ಎರಡೂ ಮೀಟರುಗಳು ಸುಳ್ಳು ಹೇಳುತ್ತಿಲ್ಲ. ಮೋಟರಿನ ಸುರುಳಿಯಲ್ಲಿ ಕರೆಂಟ್ ವೋಲ್ಟೇಜಿನ ಹೆಜ್ಜೆಗೆ ಹೆಜ್ಜೆ ಹಾಕದೆ ಸ್ವಲ್ಪ ಹಿಂದೆ ಬೀಳುತ್ತದೆ. ಆದ್ದರಿಂದ ಒಳಹೋದದ್ದರಲ್ಲಿ ಒಂದು ಪಾಲು ಕೆಲಸ ಮಾಡದೆ ಲೈನಿಗೇ ಹಿಂತಿರುಗುತ್ತದೆ. 142ನ್ನು 228ರಿಂದ ಭಾಗಿಸಿದರೆ ಬರುವ 0.62 ಎಂಬುದೇ ಪವರ್ ಫ್ಯಾಕ್ಟರ್. ಮನೆಯ ಬಿಲ್ಲಿನಲ್ಲಿ ಎಣಿಕೆಯಾಗುವುದು 142. ಟಾಂಗ್ ಟೆಸ್ಟರಿನಿಂದ ಗುಣಿಸಿ ತೆಗೆದ 228 ವೋಲ್ಟ್ ಆಂಪಿಯರ್ ಮಾತ್ರ, ವ್ಯಾಟ್ ಅಲ್ಲ. ಹುಡುಗರಲ್ಲಿ ಯಾರಾದರೂ ಸಣ್ಣ ಫ್ರಿಜ್ ಇಟ್ಟುಕೊಂಡಿದ್ದು, ಕೈಪಿಡಿಯ ದುಂಡು ಚಿತ್ರ ನಂಬಿ ನಾನು ಅವನ ಪಾಲು ಕಟ್ಟಿದ್ದರೆ ಒಂದೂವರೆ ಪಟ್ಟಿಗೂ ಹೆಚ್ಚು ವಸೂಲಿ ಮಾಡಿದ ಪಾಪ ನನ್ನದಾಗುತ್ತಿತ್ತು. ಫ್ಯಾನಿನ ಸುರುಳಿಯ ಓಮ್ ಅಳೆದು ವ್ಯಾಟ್ ತೆಗೆಯಲು ಹೋದರೂ ಇದೇ ಗತಿ, ಉತ್ತರ ನಿಜಕ್ಕಿಂತ ಎಷ್ಟೋ ಪಟ್ಟು ದೊಡ್ಡದಾಗಿ ಬರುತ್ತದೆ.

ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್, ಬಿಎಲ್‌ಡಿಸಿ ಫ್ಯಾನುಗಳ ವಿಷಯದಲ್ಲಿ ಮೀಟರಿನ ಆಂಪಿಯರನ್ನೇ ನಂಬುವಂತಿಲ್ಲ. ನಾವು 230 ವೋಲ್ಟ್ ಎನ್ನುವುದು ಸುಮಾರು 325ರವರೆಗೆ ಏರಿಳಿಯುವ ಅಲೆಯ ಆರ್‌ಎಂಎಸ್ ಮೌಲ್ಯ, ಅಂದರೆ ಅಷ್ಟೇ ಶಾಖ ಕೊಡುವ ಸ್ಥಿರ ವೋಲ್ಟೇಜಿಗೆ ಸಮನಾದ ಅಂಕಿ. ಈ ಬೆಲೆಯ ಮೀಟರ್ ಅಲೆಯ ಸರಾಸರಿ ಹಿಡಿದು, ಅಲೆ ನಯವಾಗಿದೆ ಎಂಬ ನಂಬಿಕೆಯ ಮೇಲೆ 1.11ರಿಂದ ಗುಣಿಸಿ ತೋರಿಸುತ್ತದೆ. ಎಲ್‌ಇಡಿ ಬಲ್ಬು ಅಲೆಯ ತುದಿಯಲ್ಲಷ್ಟೇ ಕರೆಂಟನ್ನು ಚುಟುಕಾಗಿ ಎಳೆಯುವುದರಿಂದ ಅಲ್ಲಿ ಇದು ಕಡಿಮೆ ತೋರಿಸುತ್ತದೆ. ಟ್ರೂ ಆರ್‌ಎಂಎಸ್ ಎಂದು ಬರೆದಿರುವ ಮೀಟರಿಗೆ ಅದೇ ಅಂಗಡಿಯಲ್ಲಿ ಸಾವಿರ ರೂಪಾಯಿ ಹೆಚ್ಚು ಹೇಳಿದರು. ಅದೂ ಪವರ್ ಫ್ಯಾಕ್ಟರ್ ಹೇಳುವುದಿಲ್ಲ. ವ್ಯಾಟ್ ಒಂದೇ ಬೇಕಾದವರು ಟಾಂಗ್ ಟೆಸ್ಟರ್ ಬಿಟ್ಟು, ಪ್ಲಗ್ಗಿಗೂ ಉಪಕರಣಕ್ಕೂ ನಡುವೆ ಸಿಕ್ಕಿಸುವ ವ್ಯಾಟ್ ಮೀಟರ್ ಕೊಳ್ಳುವುದು ಲೇಸು. ಸಾಕೆಟ್ಟಿನ ಹಿಂದೆ ಸುಡುತ್ತಿರುವ ತಂತಿ ಹುಡುಕುವವರಿಗೆ ಮಾತ್ರ ಎರಡು ಜಾಗದಲ್ಲಿ ವೋಲ್ಟೇಜ್ ನೋಡುವ ಈ ಉಪಕರಣವೇ ಬೇಕು.

ಉಳಿದ ದೂರುಗಳು ಚಿಕ್ಕವು. ಇದರ ದವಡೆ ಎಸಿ ಕರೆಂಟನ್ನಷ್ಟೇ ಅಳೆಯುತ್ತದೆ, ಇನ್ವರ್ಟರ್ ಬ್ಯಾಟರಿಯ ಡಿಸಿ ಕರೆಂಟಿಗೆ ಸೊನ್ನೆ ತೋರಿಸುತ್ತದೆ. ಕೊಳ್ಳುವಾಗ ಕೇಳಲಿಲ್ಲ, ಅವರೂ ಹೇಳಲಿಲ್ಲ. ಕಾಯಿಲಿನ ಮೈಗೆ ಕರೆಂಟ್ ಸೋರುತ್ತಿದೆಯೇ ಎಂದು ನೋಡಲು ಎರಡೂ ತಂತಿಗಳನ್ನು ಕೂಡಿಸಿ ಹಿಡಿದು, ಸೊನ್ನೆ ಬರದಿದ್ದರೆ ಸೋರಿಕೆ ಎಂದು ತಿಳಿಯುವ ಕ್ರಮವಿದೆ. ಆದರೆ ಈ ಮೀಟರಿನ ಅತಿ ಸಣ್ಣ ಮೆಟ್ಟಿಲೇ 10 ಮಿಲಿ ಆಂಪಿಯರ್, ಸೋರಿಕೆ ಕಂಡೊಡನೆ ಕರೆಂಟ್ ಕಡಿಯುವ ಮನೆಯ ಆರ್‌ಸಿಸಿಬಿ ಸ್ವಿಚ್ ಬೀಳುವುದು 30ಕ್ಕೆ. ಇಷ್ಟು ಒರಟು ಅಳತೆಯ ಮೇಲೆ ಜೀವದ ವಿಷಯವನ್ನು ಬಿಡಬಾರದು, ಅದಕ್ಕೆ ಎಲೆಕ್ಟ್ರಿಷಿಯನ್ನನ ಬಳಿ ಸೋರಿಕೆ ಪರೀಕ್ಷಿಸುವ ಮೆಗ್ಗರ್ ಎಂಬ ಉಪಕರಣ ಇದೆ. ಚಕ್ರದ ಮೇಲಿನ ಬಿಳಿ ಬರಹ ಎಂಟು ತಿಂಗಳಲ್ಲಿ ಅಲ್ಲಲ್ಲಿ ಮಾಸಿದೆ. ಮೂರನೆಯ ತಿಂಗಳಲ್ಲೇ ಕೆಂಪು ಪ್ರೋಬಿನ ತಂತಿ ಹಿಡಿಕೆಯ ಬುಡದಲ್ಲಿ ಒಳಗೇ ತುಂಡಾಗಿ, ಒಮ್ಮೆ 228, ಒಮ್ಮೆ 40 ಎಂದು ಕುಣಿಯತೊಡಗಿತು. ಗ್ಯಾರಂಟಿ ಮೀಟರಿಗೆ ಮಾತ್ರ, ಪ್ರೋಬಿಗಿಲ್ಲ ಎಂದರು. 180 ರೂಪಾಯಿಗೆ ಮೆತ್ತನೆಯ ಸಿಲಿಕೋನ್ ತಂತಿಯ ಹೊಸ ಜೋಡಿ ಕೊಂಡೆ, 600 ವೋಲ್ಟ್ ಕ್ಯಾಟ್ 3 ಎಂಬ ಸುರಕ್ಷತೆಯ ದರ್ಜೆ ಹಿಡಿಕೆಯ ಮೇಲೆ ಅಚ್ಚಾಗಿರುವುದನ್ನು ನೋಡಿಕೊಂಡು. ಹಳೆಯ ಪ್ರೋಬಿನ ತುದಿಗಳನ್ನು ತಾಗಿಸಿದಾಗ ಬರುತ್ತಿದ್ದ 0.4 ಓಮ್ ಈ ಜೋಡಿಗೆ 0.2ಕ್ಕೆ ಇಳಿದಿದೆ.